ಹಸು ನೋಡಿದಂತೆ ಬ್ಯಾಟರಿ ನೋಡಿದ ಅತ್ತೆ

ನಮ್ಮತ್ತೆ ಮನೆಯಲ್ಲಿ ಉಡುತ್ತಿದ್ದ ಸೀರೆಗಳಿಗೆಲ್ಲ ಮೊಣಕಾಲಿನ ಸುತ್ತ ಸಣ್ಣ ಸಣ್ಣ ತೂತುಗಳಿದ್ದವು. ಮದುವೆಯಾಗಿ ಬಂದ ಹೊಸದರಲ್ಲಿ ಒಲೆಯ ಕಿಡಿ ಹಾರಿರಬೇಕು ಅಂದುಕೊಂಡಿದ್ದೆ. ಅದು ಆ್ಯಸಿಡ್ಡು. ಇನ್ವರ್ಟರಿನ ಹಳೇ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಮುಚ್ಚಳ ತೆಗೆದು ಇಣುಕಿ, "ಬಾಯಾರ್ಯದ ನೋಡು ಇದ್ಕ" ಎನ್ನುತ್ತ, ಹಸುವಿಗೆ ಕಲಗಚ್ಚು ಇಡುವಷ್ಟೇ ಅಕ್ಕರೆಯಿಂದ ನೀರು ಹುಯ್ಯುತ್ತಿದ್ದರು.

ಆ ಅಕ್ಕರೆ ಮಾವನ ಸಲುವಾಗಿ. ಅವರ ಶ್ವಾಸಕೋಶ ಸೋತಿತ್ತು. ಆಮ್ಲಜನಕದ ಮಿಷಿನ್ನಿನ ಕೊಳವೆ ಸದಾ ಮೂಗಿನಲ್ಲಿರಬೇಕು. ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗಿರುವ ನಮ್ಮ ಮನೆಯಲ್ಲಿ, ಗಾಳಿ ಬೀಸಿದರೆ ಕರೆಂಟು ಹೋಯಿತೆಂದೇ ಲೆಕ್ಕ. ಒಂದು ಮಳೆಗಾಲದ ಮಧ್ಯಾಹ್ನ ಹಳೇ ಬ್ಯಾಟರಿಯೂ ಕೈಕೊಟ್ಟಿತು. ಮಾವನ ತುಟಿ ನೀಲಿಗಟ್ಟಿತು. ಆಸ್ಪತ್ರೆಗೆ ಓಡಿ ಹೇಗೋ ಉಳಿಸಿಕೊಂಡೆವು. ಮನೆಗೆ ಬಂದವರೇ ಅತ್ತೆ, "ಇದ್ರ ಸಾವಾಸ ಸಾಕು" ಎಂದರು. ಮನೆ ಮೇಲೆ ಸೋಲಾರ್, ಒಳಗೆ ಲಿಥಿಯಂ ಬ್ಯಾಟರಿ ಎಂದು ತೀರ್ಮಾನವಾಯಿತು.

ಯಾವ ಲಿಥಿಯಂ ಎಂಬುದೇ ತಲೆನೋವು. ನನ್ನ ಗಂಡ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಕಣ್ಣು ಕೆಂಪಗೆ ಮಾಡಿಕೊಂಡರು. ಅತ್ತೆ ಮಾವನ ಬಳಿ ಪಕ್ಕದ ಮನೆಯವರನ್ನು ಕೂರಿಸಿ, ನಮ್ಮಿಬ್ಬರನ್ನೂ ಹೊರಡಿಸಿಕೊಂಡು ಚಾಮರಾಜನಗರಕ್ಕೆ ಬಂದರು. ಮೊದಲನೇ ಅಂಗಡಿಯವನು ವಾರಂಟಿಯ ಮಾತನ್ನೇ ಆಡಿದ.

"ವಾರಂಟಿ ನನ್ ಗಂಡಂಗೆ ಉಸ್ರು ಕೊಟ್ಟದಾ?" ಎಂದರು ಅತ್ತೆ. "ಹಸ ಕೊಳ್ಳಾಗ ಎರಡ್ ಹೊತ್ತು ಹಾಲು ಕರ್ದು ನೋಡ್ತೀವಿ ಕಣಪ್ಪ. ಇದ್ನ ಹಾಕ್ಸಿರೋ ಒಂದ್ ಮನ ತೋರ್ಸು, ನೋಡ್ತೀನಿ."

ಅವನು ನಕ್ಕುಬಿಟ್ಟ. ಎರಡನೇ ಅಂಗಡಿಯವನು ನಗಲಿಲ್ಲ. ಫೋನು ಮಾಡಿ ಕೇಳಿ, ಕುದೇರಿನ ಒಂದು ಮನೆಯ ಗುರುತು ಹೇಳಿದ.

ಮಾರನೆಯ ಬೆಳಿಗ್ಗೆ ಅತ್ತೆ ಮಾವನನ್ನೂ ಮಿಷಿನ್ನನ್ನೂ, ದಾರಿಗೆಂದು ಬಾಡಿಗೆಗೆ ತಂದ ಸಣ್ಣ ಆಕ್ಸಿಜನ್ ಸಿಲಿಂಡರನ್ನೂ ಕಾರಿಗೆ ಹತ್ತಿಸಿದರು. ನನಗೆ ನಾಚಿಕೆಯಿಂದ ಪ್ರಾಣ ಹೋಗುವಂತಾಯಿತು. "ಯಾರ ಮನೆಗೋ ಹೋಗಿ ಮೇನ್ ಆಫ್ ಮಾಡಿ, ಬರೀ ಬ್ಯಾಟರಿ ಮೇಲೆ ಮಿಷಿನ್ ಓಡಿಸಿ ಅನ್ನೋದಾ ಅತ್ತೆ?"

"ಅನ್ನೋದೆಯ. ನಾವು ನಾಚ್ಕಂಡು ಕೂತ್ರ ನಿನ್ ಮಾವ ಉಳ್ಕಂಡಾರಾ?"

ಕುದೇರಿನ ಮನೆಯಾಕೆ ಮೊದಲು ನಮ್ಮನ್ನು ದುರುಗುಟ್ಟಿಕೊಂಡು ನೋಡಿದರು. ವಿಷಯ ತಿಳಿದ ಮೇಲೆ, "ಹೆಣ್ ನೋಡಕ್ಕೆ ಬಂದಂಗೆ ಬಂದಿದ್ದೀರಲ್ಲವ್ವಾ!" ಎಂದು ನಗುತ್ತ ತಾವೇ ಮೇನ್ ಇಳಿಸಿದರು. ಮಾವ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಜಗುಲಿಯಲ್ಲಿ ಕೂತು, ಮನೆಯ ಯಜಮಾನರ ಜೊತೆ ಅರಿಸಿನದ ಬೆಳೆಯ ಮಾತಿಗಿಳಿದರು. ಅತ್ತೆ ಆಗಾಗ ಒಳಗೆ ಹೋಗಿ ಬ್ಯಾಟರಿಗೆ ಅಂಗೈ ಇಟ್ಟು, ಬಿಸಿಯಾಯಿತೇ ಎಂದು ನೋಡಿ ಬರುತ್ತಿದ್ದರು.

ಮಧ್ಯಾಹ್ನ ನಮಗೂ ಸೇರಿಸಿ ಅಡುಗೆ ಮಾಡಲು ಮನೆಯಾಕೆ ಮಿಕ್ಸಿಗೆ ಖಾರ ಹಾಕಿದರು. ಅದು ಗುರ್ ಎಂದದ್ದೇ ತಡ, ಮನೆಯಿಡೀ ಆಫ್. ಮಿಷಿನ್ನು ಕೀರಲು ದನಿಯಲ್ಲಿ ಕೂಗಿಕೊಂಡಿತು. ಮಾವನ ಕೈ ಎದೆಗೆ ಹೋಯಿತು. ಯಜಮಾನರು ಓಡಿ ಮೇನ್ ಎತ್ತಿದರು.

"ಇದು ಬ್ಯಾಡ ಬುಡವ್ವಾ" ಎಂದರು ನನ್ನ ಗಂಡ.

ಅತ್ತೆ, ಮಾವನ ಉಸಿರು ಹದಕ್ಕೆ ಬರುವವರೆಗೆ ಅವರ ಕೈ ಹಿಡಿದು ಕೂತಿದ್ದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದರು. "ಒರಳು ಎಲ್ಲದ ತೋರ್ಸವ್ವ. ಮಿಕ್ಸಿ ಇಲ್ದೆ ಇನ್ನೊಂದ್ ಕಿತ ನೋಡನ." ಮೇನ್ ಮತ್ತೆ ಇಳಿಯಿತು. ಯಾರದೋ ಮನೆಯ ಒರಳಿನಲ್ಲಿ ಅವರೇ ಖಾರ ರುಬ್ಬಿದರು. ಮುದ್ದೆ ಬಸ್ಸಾರು ಉಂಡು, ಕಾಫಿ ಕುಡಿದು, ಹೊತ್ತು ಇಳಿಯುವ ತನಕ ಕೂತೆವು. ಮಿಷಿನ್ನು ಒಮ್ಮೆಯೂ ನಿಲ್ಲಲಿಲ್ಲ.

"ಬ್ಯಾಟ್ರಿ ಒಳ್ಳೇದೆಯ. ಉಸ್ರಿನ ಮಿಷಿನ್ಗೂ ಮಿಕ್ಸಿಗೂ ಒಂದೇ ಲೈನ್ ಕೊಡ್ಬಾರ್ದು, ಅಷ್ಟೆ" ಎಂದರು ಬರುವ ದಾರಿಯಲ್ಲಿ. ಹಾಗೇ ಮಾಡಿಸಿದೆವು. ಬ್ಯಾಟರಿ ಮಾವನ ಕೋಣೆಗೆ ಮಾತ್ರ. ಅಡುಗೆಮನೆಯ ಒಂದು ಬಲ್ಬೂ ಅದಕ್ಕೆ ಸೇರಬಾರದು. ಹೊಸ ಬ್ಯಾಟರಿಗೆ ನೀರು ಹಾಕುವ ಹಾಗಿರಲಿಲ್ಲ. ಅದೊಂದು ಅವರಿಗೆ ಬೇಜಾರು. "ಇದು ಏನೂ ಕೇಳಾಕಿಲ್ವಲ್ಲ" ಎಂದು ಸೆರಗಿನಲ್ಲಿ ಅದರ ಧೂಳನ್ನಾದರೂ ಒರೆಸುತ್ತಿದ್ದರು.

ಹೋದ ವರ್ಷ ಒಂದು ಬೆಳಿಗ್ಗೆ, ಯಾರೂ ಎಣಿಸದ ಹಾಗೆ, ಹೃದಯ ನಿಂತು ಅತ್ತೆಯೇ ಮೊದಲು ಹೋಗಿಬಿಟ್ಟರು. ಅವರನ್ನು ಮಾವನ ಕೋಣೆಯಲ್ಲೇ ಮಲಗಿಸಿದ್ದೆವು. ಮಾವ ಪಕ್ಕದಲ್ಲಿ ಕೂತು ಅತ್ತರು. ಮಿಷಿನ್ನು ಒಂದೇ ಸಮ ಉಸಿರು ಕೊಡುತ್ತಿತ್ತು. ಮಣ್ಣು ಮಾಡಿ ಬಂದ ಮೇಲೆ ಲೈನ್‌ಮನ್ನು ಬಾಗಿಲಲ್ಲಿ ನಿಂತು, "ಬೆಳಗಿಂದ ಕರೆಂಟ್ ಇರ್ಲಿಲ್ಲ ಕಣಣ್ಣಾ, ಈಗ ಬಂತು" ಎಂದ. ಹೋಗಿದ್ದೇ ನಮಗೆ ಗೊತ್ತಿರಲಿಲ್ಲ. ನಾನು ಆಗಲೇ ಬಿಕ್ಕಿ ಬಿಕ್ಕಿ ಅತ್ತದ್ದು.

ಮೊನ್ನೆ ಬ್ಯಾಟರಿ ಕೊಟ್ಟ ಆ ಎರಡನೇ ಅಂಗಡಿಯವನು ಫೋನು ಮಾಡಿ, ಬದನಗುಪ್ಪೆಯ ಕಡೆಯವರು ನಿಮ್ಮ ಬ್ಯಾಟರಿ ನೋಡಬೇಕಂತೆ, ಕಳಿಸಲೇ ಎಂದು ಕೇಳಿದ. ಊಟಕ್ಕೇ ಬರಲಿ ಎಂದೆ. ಗಂಡ ಹೆಂಡತಿ ಬಂದರು. ಆಕೆಯ ತಾಯಿಗೂ ಉಸಿರಿನ ತೊಂದರೆಯಂತೆ. ಮೇನ್ ಆಫ್ ಮಾಡಿ ತೋರಿಸಿ ಎಂದು ಕೇಳಲು ಅವರಿಗೆ ಸಂಕೋಚ. ಕೊಳವೆ ಮೂಗಿನಲ್ಲಿದ್ದ ಮಾವನೇ ಕುರ್ಚಿಯಿಂದ ಹೇಳಿದರು:

"ಇಳ್ಸಮ್ಮಿ ಮೇನು, ನೋಡ್ಲಿ. ಅವ್ಳು ನೋಡಿ ತಂದಿರೋದು, ನಿಲ್ಲಾಕಿಲ್ಲ."

ನಾನು ಮೇನ್ ಇಳಿಸಿದೆ. ಅಡುಗೆಮನೆಯ ಫ್ಯಾನು ನಿಂತಿತು. ಮಾವ ಬಂದವರ ಕಡೆ ತಿರುಗಿ, ಊರಲ್ಲಿ ಮಳೆ ಹೇಗೆ ಎಂದು ಮಾತು ತೆಗೆದರು.