ಹುರುಳಿಯ ಮೇಲೆ ವೀಲಿಂಗ್

ಮುಂದಿನ ಚಕ್ರವನ್ನು ಮೇಲೆತ್ತಿಕೊಂಡು ಬಂದ ಸ್ಪೋರ್ಟ್ಸ್ ಬೈಕು ನಾವು ರಸ್ತೆಗೆ ಹರಡಿದ್ದ ಹುರುಳಿಯ ಮೇಲೆ ಜಾರಿ, ನನ್ನ ಅತ್ತೆಯಿಂದ ಒಂದೇ ಮಾರು ದೂರದಲ್ಲಿ ಬಿತ್ತು. ಕಾಮಸಮುದ್ರದ ರಸ್ತೆಯಲ್ಲಿ ಆ ಯುವಕ ಬೆಳಗಿನಿಂದ ವೀಲಿಂಗ್ ಕಲಿಯುತ್ತಿದ್ದ. ಬೇರೆ ಕಡೆ ಹೋಗಪ್ಪ ಎಂದು ಅತ್ತೆ ಎರಡು ಸಲ ಕೈಮುಗಿದು ಹೇಳಿದ್ದರು. ಅವನು ನಕ್ಕು ಮತ್ತೆ ಚಕ್ರ ಎತ್ತಿದ್ದ.

ಓಡಿಹೋಗಿ ಅವನ ಕಾಲರ್ ಹಿಡಿದೆ. "ನಮ್ಮತ್ತೆ ಪ್ರಾಣ ಓಗಿದ್ರೆ ಏನ್ಲಾ ಮಾಡ್ತಿದ್ದೆ?"

ಮೊಣಕೈಯಿಂದ ರಕ್ತ ಸುರಿಯುತ್ತಿದ್ದರೂ ಅವನೂ ದನಿ ಏರಿಸಿದ. "ಟಾರ್ ರೋಡ್ ಮೇಲೆ ಉರುಳಿ ಆಕ್ದೋರು ಯಾರಕ್ಕ? ರೋಡೇನು ನಿಮ್ ಕಣಾನಾ?"

ಹೊಡೆಯಲು ಎತ್ತಿದ ಕೈ ಅಲ್ಲೇ ನಿಂತಿತು. ಬಸ್ಸು, ಲಾರಿ ತುಳಿದರೆ ಕಾಳು ಬಿಡುತ್ತದೆಂದು ವರ್ಷವರ್ಷವೂ ಹಾಗೆ ಹರಡುತ್ತಿದ್ದವರು ನಾವೇ. ಅತ್ತೆ ಪೊರಕೆ ತೆಗೆದುಕೊಂಡು ರಸ್ತೆ ಗುಡಿಸತೊಡಗಿದರು.

ಗುಡಿಸಿ ತೆಗೆದ ಹುರುಳಿಯನ್ನು ಈ ಸಲ ಊರಾಚೆಯ ಬಂಡೆಯ ಮೇಲೆ ಹಾಕಿ, ಎರಡು ದಿನ ಕೋಲಿನಿಂದ ಬಡಿದೆವು. ಅಂಗೈ ತುಂಬ ಬೊಬ್ಬೆ. ಕೈಮುಗಿದ ಮುದುಕಿಯನ್ನು ನೋಡಿ ನಕ್ಕವನ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಅವನು ಕೇಳಿದ್ದು ಸರಿಯಾಗಿಯೇ ಇತ್ತು ಎಂಬ ಸಿಟ್ಟು ಅದಕ್ಕಿಂತ ದೊಡ್ಡದು.