ಸಿಇಟಿ ಬರೆಯದವರ ಕೌನ್ಸೆಲಿಂಗ್

ಮೊನ್ನೆ ಸಂಜೆ ಜಯನಗರದಲ್ಲಿ ತರಕಾರಿ ಚೀಲ ಹಿಡಿದು ಬರುತ್ತಿದ್ದೆ. ಹಿಂದಿನಿಂದ ಬಂದ ಬೈಕೊಂದು ನನ್ನ ಪಕ್ಕದಲ್ಲಿ ನಿಧಾನವಾಯಿತು. ಅಷ್ಟೇ. ನನ್ನ ಕೈ ಕುತ್ತಿಗೆಗೆ ಹೋಯಿತು, ಚೀಲ ಫುಟ್‌ಪಾತಿಗೆ ಬಿತ್ತು, ಟೊಮೇಟೊ ಮೋರಿ ಸೇರಿತು. ಬೈಕಿನವರು ಹೆಲ್ಮೆಟ್ ತೆಗೆದರು. ನನ್ನಷ್ಟೇ ವಯಸ್ಸಾದ ಗೃಹಸ್ಥರು. "ಮೇಡಂ, ಇಲ್ಲಿ ಕಣ್ಣಿನ ಡಾಕ್ಟ್ರು ಎಲ್ಲಿ ಬರ್ತಾರೆ?" ಅಂದರು. ಗೊತ್ತಿದ್ದರೂ ಗೊತ್ತಿಲ್ಲ ಎಂದುಬಿಟ್ಟೆ. ತಮಾಷೆಯೆಂದರೆ ನನ್ನ ಕುತ್ತಿಗೆಯಲ್ಲಿ ಚೈನೇ ಇರಲಿಲ್ಲ. ಚಿನ್ನ ಹಾಕಿಕೊಂಡು ಬೀದಿಗಿಳಿಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದೆ.

ನಗಬೇಡಿ. ನಮ್ಮ ಕಡೆ ನನ್ನ ವಯಸ್ಸಿನ ಹೆಂಗಸರನ್ನು ಸ್ವಲ್ಪ ಗಮನಿಸಿ ನೋಡಿ. ಬೈಕಿನ ಸದ್ದು ಸಣ್ಣದಾದರೆ ಸೆರಗು ತಾನಾಗಿ ಭುಜದ ಮೇಲೇರುತ್ತದೆ. ನನಗೆ ಈ ಅಭ್ಯಾಸ ಬಂದದ್ದು ಪದ್ಮನಾಭನಗರದ ಮನೆಯಲ್ಲಿ, ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ. ಆಗ ಮನೆಯಲ್ಲಿ ಅತ್ತೆ, ಮಾವ, ನಾನು, ಎರಡನೇ ಕ್ಲಾಸಿನ ನನ್ನ ಮಗಳು ಪುಟ್ಟಿ. ನಮ್ಮ ಯಜಮಾನರೂ ಇದ್ದರು ಅನ್ನಬಹುದು. ಕಂಪನಿ ಕೆಲಸದ ಮೇಲೆ ಸದಾ ಟೂರು.

ಅತ್ತೆಗೆ ದಾರಿ ಹೇಳುವುದೆಂದರೆ ಪ್ರಾಣ. ಯಾರಾದರೂ ವಿಳಾಸ ಕೇಳಿದರೆ ಎಡ, ಬಲ ಅಂತ ಮುಗಿಸುವ ಜನವಲ್ಲ. "ಆ ಹಾಲಿನ ಬೂತ್ ದಾಟ್ಕೊಳಿ, ಅಲ್ಲೊಂದು ಹಸಿರು ಗೇಟು, ಅವ್ರ ಮಗಳಿಗೆ ಡೈವೋರ್ಸ್ ಆಗಿದೆ ಪಾಪ, ಅಲ್ಲಿಂದ ಎಡಕ್ಕೆ" ಅಂತ ಊರಿನ ಚರಿತ್ರೆ ಸಮೇತ ಕಳಿಸುತ್ತಿದ್ದರು. ಆ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕುತ್ತಿದ್ದಾಗ ಬೈಕಿನಲ್ಲಿ ಬಂದ ಇಬ್ಬರು, "ಅಮ್ಮಾ, ಇಲ್ಲಿ ಎಂಜಿನಿಯರ್ ಒಬ್ರ ಮನೆ ಇದ್ಯಂತಲ್ಲ?" ಎಂದು ಕೇಳಿದರು. ಅತ್ತೆ ಖುಷಿಯಿಂದ ಎದ್ದು ಹತ್ತಿರ ಹೋದರು. ಹಸಿರು ಗೇಟಿನ ತನಕ ಹೇಳಿದ್ದರೋ ಏನೋ, ಸರ ಕಿತ್ತುಕೊಂಡು ಹೋಗಿಯೇಬಿಟ್ಟರು. ಪಕ್ಕದಲ್ಲಿ ಪುಟ್ಟಿ ಯೂನಿಫಾರಂ ಹಾಕಿಕೊಂಡು ರಂಗೋಲಿ ಡಬ್ಬಿ ಹಿಡಿದು ನಿಂತಿದ್ದಳು.

"ಅಯ್ಯಯ್ಯೋ, ನನ್ನ ಮಾಂಗಲ್ಯ ಹೋಯ್ತಲ್ಲಪ್ಪಾ!"

ಬೀದಿಯೇ ಎದ್ದು ಬಂತು. ನಮ್ಮ ಭಾಷೆಯಲ್ಲಿ ಆ ಮಾತಿಗೆ ಇನ್ನೊಂದು ಅರ್ಥವಿದೆಯಲ್ಲ. ಪಕ್ಕದ ಮನೆಯ ನಾಗರತ್ನಮ್ಮ ಎದೆ ಹಿಡಿದುಕೊಂಡು ಓಡಿಬಂದು, "ಯಜಮಾನ್ರಿಗೆ ಏನಾಯ್ತ್ರೀ?" ಎಂದು ಅಳುವುದಕ್ಕೂ, ಮುಖದ ತುಂಬ ಶೇವಿಂಗ್ ಸೋಪಿನ ನೊರೆ ಹೊತ್ತು ಮಾವ ಹೊರಗೆ ಬರುವುದಕ್ಕೂ ಸರಿಹೋಯಿತು. ಅವರನ್ನು ಕಂಡು ನಾಗರತ್ನಮ್ಮ ಕಿರುಚಿಕೊಂಡರು. ಆಮೇಲೆ ಒಂದಿಬ್ಬರು ನಕ್ಕರು. ಒಣಗಿದ ಸೋಪಿನಲ್ಲೇ ಮಾವ ದೇವರ ಮುಂದೆ ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿ ಅತ್ತೆಯ ಕುತ್ತಿಗೆಗೆ ಹಾಕಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಎಲ್ಲಿ ಮುಗಿಯಿತು? ನಮ್ಮ ಮನೆಗೆ ಅನುಮಾನ ಬಾಡಿಗೆಗೆ ಬಂದು ಕೂತಿತು. ಹಾಲಿನವನ ಮೇಲೆ ಅನುಮಾನ, ಗ್ಯಾಸ್ ತಂದವನ ಮೇಲೆ ಅನುಮಾನ. ಎಲ್ಲಕ್ಕಿಂತ ಹೆಚ್ಚಾಗಿ ನಾಗರತ್ನಮ್ಮನ ಮೇಲೆ, ಏಕೆಂದರೆ ಹಿಂದಿನ ದಿನವಷ್ಟೇ ಅವರು "ಸರ ಪಾಲಿಶ್ ಮಾಡ್ಸಿದ್ರಾ, ಫಳಫಳ ಅಂತಿದೆ" ಎಂದಿದ್ದರು. ಕಾಂಪೌಂಡಿನ ಮೇಲಿನ ಸಾರು-ಪಲ್ಯದ ವ್ಯವಹಾರ ನಿಂತುಹೋಯಿತು. ಯಡಿಯೂರು ಕೆರೆಗೆ ಮಾವ ಹೋಗುತ್ತಿದ್ದ ವಾಕಿಂಗೂ ನಿಂತಿತು. "ಕಾಲ ಸರಿ ಇಲ್ಲ, ಮನೇಲಿರಿ" ಎಂದು ಅತ್ತೆ ಗೇಟಿನ ಚಿಲಕದ ಹತ್ತಿರವೇ ಕುರ್ಚಿ ಹಾಕಿಕೊಂಡರು. ಬೈಕಿನ ಭಯ ಎಂದುಕೊಂಡೆವು. ಪುಟ್ಟಿಯಂತೂ ಸ್ಕೂಲ್ ವ್ಯಾನಿನ ಹಾರನ್ ಕೇಳಿದರೆ ವಾಂತಿ ಮಾಡುತ್ತಿದ್ದಳು. ಡಾಕ್ಟರು ಟಾನಿಕ್ ಕೊಟ್ಟರು. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಯಾರೋ ಹೇಳಿದರೆಂದು ತಾಯತವನ್ನೂ ಕಟ್ಟಿಸಿದೆ. ವ್ಯಾನು ಬಂದರೆ ವಾಂತಿ ಬರುತ್ತಲೇ ಇತ್ತು.

ನನ್ನ ಆಫೀಸಿನಲ್ಲಿ ಧಾರವಾಡದ ಸರೋಜಾ ಎಂಬಾಕೆ ಇದ್ದಳು, ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದಳು. ಒಂದು ವಿಳಾಸ ಕೊಟ್ಟಳು. ಯಾರೋ ಕೌನ್ಸೆಲಿಂಗ್ ಮಾಡುವ ಮೇಡಂ. ನಾನು ಮುಖ ಗಂಟಿಕ್ಕಿದೆ. ನಮ್ಮ ಹುಡುಗಿಗೆ ಹುಚ್ಚೇನೂ ಇಲ್ಲವಲ್ಲ?

"ನಮ್ಮ ಬಸ್ಸು ಪಲ್ಟಿ ಆದ ಮ್ಯಾಲೆ ನಾನೂ ಹೋಗಿದ್ದೆ ರೀ. ನಿಮಗೇನು ಹುಚ್ಚಿ ಹಂಗ ಕಾಣ್ತೇನೇನು?" ಅಂದಳು. ನಾನು ಉತ್ತರ ಕೊಡಲು ತಡಮಾಡಿದೆ. "ಎಲ್ಲಾದ್ರಾಗೂ ಸಂಶೇ ನಿಮಗ. ಸುಮ್ನ ಹೋಗಿ ಮಾತಾಡಿ ಬರ್ರಿ" ಎಂದು ಗದರಿದಳು.

ಫೋನಿನಲ್ಲಿ ಟೈಮ್ ಕೇಳುವಾಗ ನನ್ನ ಗಂಟಲು ಸ್ವಲ್ಪ ಜೋರಾಯಿತೇನೋ. ಕಾಂಪೌಂಡಿನಾಚೆಯಿಂದ ನಾಗರತ್ನಮ್ಮನ ತಲೆ ಎದ್ದಿತು. "ಯಾರಿಗ್ರೀ ಕೌನ್ಸೆಲಿಂಗು? ನಿಮ್ಮನೇಲಿ ಸಿಇಟಿ ಬರ್ದೋರು ಯಾರಿದಾರೆ?"

ಆ ಕಾಲದ ಬೆಂಗಳೂರಿನಲ್ಲಿ ಕೌನ್ಸೆಲಿಂಗ್ ಅಂದರೆ ಒಂದೇ. ರ‍್ಯಾಂಕ್ ಹಿಡಿದುಕೊಂಡು ಹೋಗಿ ಎಂಜಿನಿಯರಿಂಗ್ ಸೀಟು ಆರಿಸಿಕೊಳ್ಳುವುದು. ನನಗೆ ಬೇರೆ ದಾರಿ ತೋಚಲಿಲ್ಲ. "ನಮ್ಮಣ್ಣನ ಮಗನಿಗೆ" ಎಂದೆ. ನಮ್ಮಣ್ಣನಿಗೆ ಇನ್ನೂ ಹೆಣ್ಣು ಹುಡುಕುತ್ತಿದ್ದರು.

"ರ‍್ಯಾಂಕ್ ಎಷ್ಟು?"

"ಪರವಾಗಿಲ್ಲ."

"ಎಲೆಕ್ಟ್ರಾನಿಕ್ಸ್ ತಗೊಳಕ್ಕೆ ಹೇಳಿ" ಎಂದು ಅವರು ಇಲ್ಲದ ಹುಡುಗನ ಭವಿಷ್ಯವನ್ನೂ ನಿರ್ಧರಿಸಿಬಿಟ್ಟರು.

ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲೊಂದು ಕೋಣೆ. ಕಾವಲಿಗೆಂದು ಅತ್ತೆಯೂ ಬಂದಿದ್ದರು. ಮಗುವಿಗೆ ಏನಾದರೂ ಕುಡಿಸಿಬಿಟ್ಟರೆ ಎಂಬ ಭಯ. ಮಾವನ ಕೈಯಲ್ಲಿ ಮನೆ ಬಿಟ್ಟು ಹೊರಡುವುದಿಲ್ಲ ಎಂದು ಆಣೆ ಮಾಡಿಸಿಕೊಂಡೇ ಗೇಟು ದಾಟಿದ್ದರು. ಮೆಟ್ಟಿಲ ಹತ್ತಿರ 'ಮಕ್ಕಳಿಂದ ಹಿರಿಯರವರೆಗೆ, ಎಲ್ಲ ವಯಸ್ಸಿನವರಿಗೂ' ಎಂಬ ಬೋರ್ಡು. ಅತ್ತೆ ಅದನ್ನು ಓದಿ, "ಎಲ್ಲಾ ವಯಸ್ಸಿನೋರ್ಗೂ ಅಂದ್ರೆ ಏನು, ಚ್ಯವನಪ್ರಾಶನಾ?" ಎಂದರು. ನನಗೂ ಹಾಗೇ ಅನಿಸಿತ್ತು. ಒಳಗೆ ಟೇಬಲ್ಲಿನ ಮೇಲೆ ಟಿಶ್ಯೂ ಡಬ್ಬಿ. ನಾವಿನ್ನೂ ಬಾಯೇ ತೆಗೆದಿಲ್ಲ, ಅಳಿಸುವ ಏರ್ಪಾಡು ಆಗಲೇ ಆಗಿದೆ. ಆ ಮೇಡಂ ಕಾಟನ್ ಸೀರೆ, ಮೆತ್ತಗಿನ ದನಿ. ಮೆತ್ತಗೆ ಮಾತಾಡುವವರನ್ನು ನಾನು ಬೇಗ ನಂಬುವುದಿಲ್ಲ.

ಅವರು ನಮ್ಮನ್ನು ಏನೂ ಕೇಳಲಿಲ್ಲ. ಪುಟ್ಟಿಯ ಮುಂದೆ ಮರದ ತುಂಡುಗಳು, ಸಣ್ಣ ಗೊಂಬೆಗಳನ್ನು ಇಟ್ಟು ತಾವೂ ನೆಲದ ಮೇಲೆ ಕೂತರು. ಪುಟ್ಟಿ ಮನೆ ಕಟ್ಟಿದಳು. ಗೊಂಬೆಗಳಲ್ಲಿ ಕನ್ನಡಕದ ಮುದುಕನನ್ನು ಹುಡುಕಿ ಒಳಗೆ ಕೂರಿಸಿದಳು. ಬಾಗಿಲ ಜಾಗಕ್ಕೆ ಎರಡು ತುಂಡು ಅಡ್ಡ ಇಟ್ಟಳು.

"ಇವ್ರು ಯಾರು ಪುಟ್ಟಿ?"

"ತಾತ."

"ಬಾಗಿಲು ಯಾಕೆ ಹಾಕ್ಬಿಟ್ಟೆ?"

"ನಾನು ಸ್ಕೂಲಿಗೆ ಹೋದ್ರೆ ತಾತ ಸತ್ತೋಗ್ತಾರೆ."

"ಯಾರು ಹೇಳಿದ್ದು ಹಂಗಂತ?"

"ಅಜ್ಜೀನೇ. ಮಾಂಗಲ್ಯ ಹೋಯ್ತು ಅಂದ್ರಲ್ಲ. ಎದುರುಮನೆ ಅಂಕಲ್ ಸತ್ತಾಗ್ಲೂ ಆ ಆಂಟಿ ಹಂಗೇ ಅಂದಿದ್ರು."

ಈಗ ಅತ್ತೆ ಗದರುತ್ತಾರೆ ಎಂದು ಅವರ ಕಡೆ ತಿರುಗಿದೆ. ಅತ್ತೆಯ ಕೈ ಅರಿಶಿನದ ಕೊಂಬನ್ನು ಹಿಡಿದಿತ್ತು. ಅವರು ನೋಡುತ್ತಿದ್ದದ್ದು ಮಗುವನ್ನು ಮಾತ್ರ.

"ನಿಂಗೂ ಹಂಗೇ ಅನ್ಸ್ತೇನೇ?" ಎಂದರು.

ಆ 'ನಿಂಗೂ' ಕೇಳಿದ ಮೇಲೆ ನನಗೆ ಅರ್ಥವಾಯಿತು. ಬೈಕಿನ ಭಯ, ವ್ಯಾನಿನ ಭಯ, ಎಂಥದ್ದೂ ಅಲ್ಲ. ಗೇಟಿನ ಹತ್ತಿರ ಒಬ್ಬರು, ಬಚ್ಚಲಲ್ಲಿ ವಾಂತಿ ಮಾಡಿಕೊಂಡು ಇನ್ನೊಬ್ಬಳು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಒಂದೇ ಮನುಷ್ಯನ ಜೀವ ಕಾಯುತ್ತಿದ್ದರು. ಆ ಮನುಷ್ಯ ಒಳಗೆ ಪೇಪರ್ ಓದಿಕೊಂಡು, ವಾಕಿಂಗ್ ತಪ್ಪಿತಲ್ಲ ಎಂದು ಗೊಣಗುತ್ತಿದ್ದರು. ಮೇಡಂ ಟಿಶ್ಯೂ ಡಬ್ಬಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದರು. ಅತ್ತೆ ಅದನ್ನು ಮುಟ್ಟಲಿಲ್ಲ, ಸೆರಗಲ್ಲೇ ಒರೆಸಿಕೊಂಡರು.

ಮುಂದಿನ ಸಲ ಮಾವನನ್ನೂ ಕರೆತರಲು ಮೇಡಂ ಹೇಳಿದರು. ಮಾವ ಬಂದವರೇ, "ನಾನೆಲ್ಲಿ ಸಾಯ್ತೀನಿ ಪುಟ್ಟಿ, ಗುಂಡುಕಲ್ಲು ಇದ್ದಂಗಿದೀನಿ. ಪ್ರಾಮಿಸ್" ಎಂದು ಕೈ ಚಾಚಿದರು.

"ಅಂಕಲ್, ಆ ಮಾತು ಕೊಡ್ಬೇಡಿ" ಎಂದರು ಮೇಡಂ. "ಉಳಿಸ್ಕೊಳಕ್ಕೆ ಆಗಲ್ಲ. ಹೋಗಿ ವಾಪಸ್ ಬರ್ತೀನಿ ಅಂತ ಹೇಳಿ. ಅದೂ ಹತ್ತಿರದ ಜಾಗಕ್ಕೆ ಮಾತ್ರ."

ಎಂಥ ಟ್ರೀಟ್‌ಮೆಂಟು ಇದು, ಮಗುವಿನ ಎದುರು ಸಾವಿನ ಮಾತು ಎಂದು ನನಗೆ ಸಿಟ್ಟು ಬಂತು. ಆದರೆ ಅವತ್ತಿನಿಂದ ಮಾವ "ಹಾಲು ತಗೊಂಡು ಬರ್ತೀನಿ" ಎಂದು ಹೇಳಿ ಹೋಗುವುದು, ಅಜ್ಜಿ ಮೊಮ್ಮಗಳು ಗೇಟು ಹಿಡಿದು ನಿಲ್ಲುವುದು, ಅವರು ವಾಪಸ್ ಬರುವುದು ಶುರುವಾಯಿತು. ಹಾಲಿನ ಬೂತು, ಆಮೇಲೆ ಹೂವಿನಂಗಡಿ, ಆಮೇಲೆ ಬಸ್‌ಸ್ಟಾಪು. ಯಡಿಯೂರು ಕೆರೆ ತಲುಪುವಷ್ಟರಲ್ಲಿ ಮಳೆಗಾಲವೇ ಕಳೆದಿತ್ತು. ನಡುವೆ ಒಂದು ದಿನ ಮಾವ ಸ್ನೇಹಿತರ ಜೊತೆ ಹರಟೆಗೆ ಕೂತು ತಡಮಾಡಿದರು. ಪುಟ್ಟಿಗೆ ಮತ್ತೆ ವಾಂತಿ. ಅತ್ತೆ ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಮರುದಿನ ಮತ್ತೆ ಹಾಲಿನ ಬೂತಿನಿಂದಲೇ ಶುರು.

ಪುಟ್ಟಿ ವ್ಯಾನು ಹತ್ತಿದ ದಿನ ನಾಗರತ್ನಮ್ಮ ಕಾಂಪೌಂಡಿನ ಹತ್ತಿರ ನಿಂತಿದ್ದರು. "ಏನಾಯ್ತ್ರೀ ನಿಮ್ಮಣ್ಣನ ಮಗಂದು? ಯಾವ ಕಾಲೇಜು?"

ನಾನು ಬಾಯಿ ತೆಗೆಯುವ ಮೊದಲೇ ಅತ್ತೆ, "ಅಣ್ಣನ ಮಗಾನೂ ಇಲ್ಲ, ಏನೂ ಇಲ್ಲ. ಕೌನ್ಸೆಲಿಂಗು ನಂಗೆ" ಎಂದರು. ಪೂರ್ತಿ ಹೇಳಿದರು. ಸರಕ್ಕೆ ಕಣ್ಣು ಹಾಕಿದ್ದು ನಾಗರತ್ನಮ್ಮನೇ ಎಂದುಕೊಂಡಿದ್ದನ್ನೂ ಬಿಡಲಿಲ್ಲ.

ನಾಗರತ್ನಮ್ಮ ಜಗಳಕ್ಕೆ ಬರುತ್ತಾರೆ ಎಂದು ಕಾದೆ. ಅವರು ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿ, "ಅಲ್ಲಿ ನಮ್ಮಂಥೋರನ್ನೂ ನೋಡ್ತಾರಾ?" ಎಂದರು. ಯಾಕೆ, ಏನು ಅಂತ ಅತ್ತೆ ಕೇಳಲಿಲ್ಲ. ದಾರಿ ಹೇಳಿದರು. ಎಡ, ಬಲ, ಜೆರಾಕ್ಸ್ ಅಂಗಡಿ ಮೇಲೆ. ಯಾರ ಮನೆಯ ಕಥೆಯನ್ನೂ ನಡುವೆ ಸೇರಿಸಲಿಲ್ಲ.

ಆ ಕೋಣೆ ಈಗಿಲ್ಲ. ವಾಸಿ ಮಾಡಿದ್ದು ಆ ಮೇಡಮ್ಮೋ, ಕಳೆದ ದಿನಗಳೋ ಎಂಬ ಅನುಮಾನ ನನಗೆ ಇನ್ನೂ ಇದೆ. ನನ್ನನ್ನೂ ಒಮ್ಮೆ ಕೂತು ಮಾತಾಡಿ ಎಂದು ಕರೆದಿದ್ದರು. ನನಗೇನಾಗಿದೆ ಎಂದು ಎದ್ದು ಬಂದಿದ್ದೆ.

ಮಾವ ಹೋದ ವರ್ಷ ತೀರಿಕೊಂಡರು, ತೊಂಬತ್ತರ ಹತ್ತಿರ, ಮಧ್ಯಾಹ್ನದ ನಿದ್ದೆಯಲ್ಲಿ. ಪುಟ್ಟಿ ಆಫೀಸಿನಿಂದ ಓಡಿಬಂದವಳು ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತುಬಿಟ್ಟಳು. ಮುಖ ಎರಡನೇ ಕ್ಲಾಸಿನದೇ. ನಾವೆಲ್ಲ ಕರೆದೆವು, ಅಲ್ಲಾಡಲಿಲ್ಲ. ಅಳುವವರ ನಡುವಿನಿಂದ ಅತ್ತೆ ಕಷ್ಟಪಟ್ಟು ಎದ್ದು, ಗೋಡೆ ಹಿಡಿದುಕೊಂಡು ಅವಳ ಹತ್ತಿರ ಹೋದರು. ಕೈ ಹಿಡಿದು, ಅವಳಿಗಷ್ಟೇ ಕೇಳುವ ಹಾಗೆ ಹೇಳಿದರು. ಪಕ್ಕದಲ್ಲಿದ್ದುದರಿಂದ ನನಗೂ ಕೇಳಿಸಿತು.

"ಸರದಿಂದ ಅಲ್ಲ ಕಣೆ. ವಯಸ್ಸಾಗಿತ್ತು. ಬಾ ಒಳಗೆ."