ಉಡಿ ತುಂಬಗೊಡದ ಅತ್ತೆ

ನಮ್ಮತ್ತೆಯ ಎಡಗೈ ಮಣಿಕಟ್ಟು ಸೊಟ್ಟಗೇ ಕೂಡಿಕೊಂಡಿತ್ತು. ಮಾವ ಒನಕೆಯಿಂದ ಹೊಡೆದಾಗ ಮುರಿದದ್ದು. ಆ ಕೈ ಪೂರಾ ಬಗ್ಗುತ್ತಿರಲಿಲ್ಲ, ಹೀಗಾಗಿ ಅವರು ಬಡಿದ ಜೋಳದ ರೊಟ್ಟಿ ಯಾವಾಗಲೂ ಒಂದು ಕಡೆ ದಪ್ಪ. ಯಾರಾದರೂ ಎತ್ತಿ ಆಡಿದರೆ "ತಿನ್ನೂದಿದ್ರ ತಿನ್ರಿ" ಎನ್ನುತ್ತಿದ್ದರು. ಬಾಯಿ ಬಿರುಸು, ಮಜ್ಜಿಗೆಗೂ ಜಿಪುಣತನ. ಮದುವೆಯಾಗಿ ನಿಂಬರ್ಗಾಕ್ಕೆ ಹೋದ ಹೊಸದರಲ್ಲಿ ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಮಾವ ತೀರಿಹೋಗಿದ್ದರು, ಅವರ ಕೈ ಮಗನಿಗೆ, ಅಂದರೆ ನನ್ನ ಗಂಡನಿಗೆ, ಬಂದಿತ್ತು. ಸಾರಿಗೆ ಉಪ್ಪು ಕಮ್ಮಿಯಾದರೆ ಕಪಾಳಕ್ಕೆ, ಎದುರು ಮಾತಾಡಿದರೆ ಬೆಲ್ಟಿನಿಂದ. ಅವನು ನನ್ನನ್ನು ಬಡಿಯುವಾಗ ಅತ್ತೆ ಒಳಗೆ ಕೂತು ರೊಟ್ಟಿ ಬಡಿಯುತ್ತಿದ್ದರು, ಇನ್ನಷ್ಟು ಜೋರಾಗಿ. ಆಮೇಲೆ ಗಾಯಕ್ಕೆ ಅರಿಶಿನ ತಂದು, "ತಾಳ್ಕೋ ಬೇ, ನಾವೆಲ್ಲ ತಾಳ್ಕೊಂಡೇವಿ" ಎನ್ನುವರು. ಆ ಬಟ್ಟಲನ್ನು ಕಿತ್ತು ಅವರ ಮುಖಕ್ಕೇ ಎಸೆಯಬೇಕು ಎನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಅವನು ನನ್ನ ಕೂದಲು ಹಿಡಿದು ಹೊಸ್ತಿಲಿಗೆ ಮುಖ ಚಚ್ಚಿದ. ಹಲ್ಲು ಮುರಿದು ಬಾಯಿ ತುಂಬ ರಕ್ತ. ಅವನು ಹೊರಗೆ ಹೋದ ಮೇಲೆ, ಇನ್ನೂ ಮಾತು ಬಾರದ ಮಗಳು ತಪ್ಪುಹೆಜ್ಜೆ ಇಡುತ್ತ ಬಂದು, ಅಪ್ಪ ಮಾಡಿದ ಹಾಗೆಯೇ ನನ್ನ ಕೂದಲು ಹಿಡಿದು ಜಗ್ಗಿದಳು. ಆಟ ಎಂದುಕೊಂಡಿತ್ತು ಕೂಸು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ನಾನು ಮಗಳನ್ನು ಎತ್ತಿಕೊಂಡು ಜೇವರ್ಗಿಯ ತವರಿಗೆ ಬಸ್ಸು ಹತ್ತಿದೆ.

ಅಪ್ಪ, ಅವ್ವ ಇಬ್ಬರೂ ನನ್ನ ಮುಖ ನೋಡಿ ಅತ್ತರು. ಆದರೆ ಮರುದಿನ ಬೆಳಿಗ್ಗೆ ಅವ್ವ ಅಕ್ಕಿ, ಕೊಬ್ಬರಿ, ಕುಪ್ಪಸ ತೆಗೆದಿಟ್ಟಳು. ಗಂಡನ ಮನೆಗೆ ಹೊರಟ ಮಗಳ ಸೆರಗಿಗೆ ಅವನ್ನು ಸುರಿದು ಉಡಿ ತುಂಬಿದರೆ ತವರಿನ ಕೆಲಸ ಮುಗಿಯಿತು. ಹೆಣ್ಣಾದವಳು ಹೊಂದಿಕೊಂಡು ಬಾಳಬೇಕು, ಅದೇ ಮರ್ಯಾದೆ ಎಂದು ಅಪ್ಪ ಹೇಳಿದರು. ಅಷ್ಟರಲ್ಲಿ ಅತ್ತೆ ಬಂದರು. ಕರೆದೊಯ್ಯಲು ಬಂದಿದ್ದಾರೆಂದು ಮನೆಯಲ್ಲಿ ಎಲ್ಲರಿಗೂ ಸಮಾಧಾನ. ನಾನು ಸೆರಗು ಒಡ್ಡಿ ಕೂತೆ. ಅವ್ವ ಮೊದಲ ಬೊಗಸೆ ಎತ್ತಿದಾಗ ಅತ್ತೆ ಅವಳ ಕೈಗೆ ಹೊಡೆದರು. ಅಕ್ಕಿ ನೆಲಕ್ಕೆ ಚೆಲ್ಲಿತು.

"ನನಗೂ ಹಿಂಗ ಉಡಿ ತುಂಬಿ ಕಳಸಿದ್ರು, ಮುರದ ಕೈಲೇ ಸೆರಗು ಹಿಡದಿದ್ದೆ," ಎಂದರು. "ನಮ್ಮಪ್ಪ ತಾಳೂದು ಕಲಿಸಿದ, ನಾ ತಾಳಿದೆ. ನಾ ತಾಳೂದು ನೋಡಿ ನನ್ನ ಮಗ ಬಡಿಯೂದು ಕಲ್ತ. ಇನ್ನ ಈ ಕೂಸು ಏನ್ ಕಲೀಬೇಕ್ರಿ?"

ಆಮೇಲೆ ನನ್ನ ಕಡೆ ತಿರುಗಿದರು. "ಆ ಮನ್ಯಾಗ ನೀ ಸುಖ ಇದ್ದಿ ಏನ್ ಬೇ?"

ಹಡೆದವರೂ ಕೇಳಿರದ ಮಾತು. "ಇಲ್ರಿ" ಎಂದೆ.

ಅವರೂ ನಿಂಬರ್ಗಾಕ್ಕೆ ಮರಳಲಿಲ್ಲ. ಜೇವರ್ಗಿಯ ಬಸ್ ಸ್ಟ್ಯಾಂಡಿನ ಹಿಂದೆ ಬಾಡಿಗೆಗೆ ಒಂದು ಖೋಲಿ ಹಿಡಿದು, ಇಬ್ಬರೂ ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಡತೊಡಗಿದೆವು. ಅವರ ಮಗ ಒಮ್ಮೆ ಬಡಿಗೆ ಹಿಡಿದು ಬಂದು ನನ್ನ ಮೈಮೇಲೆ ಏರಿದ. ಅತ್ತೆ ಒಲೆಯಿಂದ ಉರಿಯುವ ಕೊಳ್ಳಿ ಎಳೆದು ಅವನ ಭುಜಕ್ಕೆ ಬಾರಿಸಿದರು. ಚರ್ಮ ಸುಟ್ಟ ವಾಸನೆ ಖೋಲಿಯಲ್ಲೆಲ್ಲ ತುಂಬಿತು. ಅವನು ಕಿರುಚುತ್ತ ಓಡಿದ, ಮತ್ತೆ ಬರಲಿಲ್ಲ. ಅತ್ತೆ ಅವತ್ತು ಊಟ ಮಾಡಲಿಲ್ಲ, ಗೋಡೆಗೆ ತಲೆ ಬಡಿದುಕೊಂಡು ಅತ್ತರು.

ಮಗಳು ‘ಆಯಿ’ ಎಂದು ಕರೆಯುತ್ತಿದ್ದ ಅತ್ತೆ ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಮಗ ಬಂದಿದ್ದ. ಗುಣಿಯ ಪಕ್ಕ ಬಿದ್ದು ಹೊರಳಾಡಿ ಅತ್ತ. ಯಾರವರು ಎಂದು, ಬೆಳೆದು ನಿಂತಿದ್ದ ಮಗಳು ಮೆಲ್ಲಗೆ ಕೇಳಿದಳು.

"ನಿಮ್ಮ ಆಯಿ ಮಗ" ಎಂದೆ.

ಅವಳಿಗೆ ತಿಳಿಯಿತು. ಆಮೇಲೆ ತಂಬಿಗೆಯಲ್ಲಿ ನೀರು ತುಂಬಿಕೊಂಡು ಹೋಗಿ, ಅವನೆದುರು ನಿಂತು ಕೊಟ್ಟಳು. ನನ್ನ ಸಿಟ್ಟು ಇವತ್ತಿಗೂ ಆರಿಲ್ಲ, ಆರುವುದೂ ಬೇಡ. ಆದರೆ ಅವನ ಮುಂದೆ ಅಂಜದೆ ನಿಂತ ಆ ಹುಡುಗಿಯನ್ನು ನನಗೆ ಕೊಟ್ಟವರು ನಮ್ಮತ್ತೆ.